ಮಾವನ ಕಂಪ್ಯೂಟರನ್ನು ನಾನು ಅಳಿಸಿದ್ದು

ಕನಕಪುರ ತಾಲ್ಲೂಕಿನಲ್ಲಿ ಯಾರ ಮನೆಯ ಜಗಳ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಪೂರ್ತಿ ಬಲ್ಲ ಮನುಷ್ಯ ಒಬ್ಬನೇ ಒಬ್ಬ, ನಮ್ಮ ಸೋದರಮಾವ. ಆದರೆ ಅವನಿಂದ ಇವತ್ತು ಯಾವ ವಾರ ಎಂದು ತಿಳಿದುಕೊಳ್ಳುವುದೂ ಕಷ್ಟ! ಕೇಳಿದರೆ, "ಯಾಕ್ಲಾ, ಯಾರು ಕೇಳ್ಕಂಡು ಬಾ ಅಂದ್ರು?" ಎಂದು ಕನ್ನಡಕದ ಮೇಲಿಂದ ನೋಡುತ್ತಾನೆ. ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು ಅವನು ಇನ್ನೂ ಒಳಮುಖ ಮಾಡಿ ತಿರುಗಿಸಿಲ್ಲವಲ್ಲ ಎಂಬುದೇ ನಮಗೆಲ್ಲ ಆಶ್ಚರ್ಯ.

ಇಂಥವನನ್ನು ನೋಡಿ ನಗದೆ ಇರುವುದಾದರೂ ಹೇಗೆ? ನಾನಂತೂ ಚಿಕ್ಕಂದಿನಿಂದ ನಕ್ಕಿದ್ದೇನೆ. ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ಕುಳಿತು ಅವನ ಕಥೆ ಹೇಳಿ, ಅಕ್ಕಪಕ್ಕದ ಎಲೆಯವರನ್ನೂ ನಗಿಸಿದ್ದೇನೆ. ಈಗ ಅವೇ ಕಥೆಗಳನ್ನು ಬರೆಯಲು ಕುಳಿತರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ. ಹೇಳಬೇಕಾಗಿರುವುದರಿಂದಲೇ ಬರೆಯುತ್ತಿದ್ದೇನೆ.

ಮಾವನದು ತಾಲ್ಲೂಕು ಕಚೇರಿಯ ಹತ್ತಿರ ಒಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಸಾತನೂರು, ಉಯ್ಯಂಬಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಮೊದಲು ಕಾಲಿಡುವುದು ಅಲ್ಲಿಗೇ. ಖಾತೆ ಬದಲಾವಣೆ, ಪಿಂಚಣಿ, ಅಣ್ಣತಮ್ಮಂದಿರ ತಕರಾರು, ಗಂಡಹೆಂಡಿರ ಮುಚ್ಚಳಿಕೆ, ಲಗ್ನಪತ್ರಿಕೆ, ಸತ್ತವರ ಶಿವಗಣಾರಾಧನೆಯ ಕಾಗದ, ಎಲ್ಲವೂ ಮಾವನ ಬೆರಳಿನ ಮೂಲಕವೇ ಹೋಗಬೇಕು. ಬರೆಯಲು ಬಾರದವರು ಹೇಳುತ್ತಾ ಹೋಗುತ್ತಾರೆ, ವಿಭೂತಿ ಬಳಿದ ಹಣೆಯನ್ನು ಮುಂದಕ್ಕೆ ಚಾಚಿ ಮಾವ ಒತ್ತುತ್ತಾ ಹೋಗುತ್ತಾನೆ. ಒಬ್ಬರು ಹೇಳುವಾಗ ಇನ್ನೊಬ್ಬರು ಒಳಗೆ ಇರುವಂತಿಲ್ಲ, ಉಳಿದವರೆಲ್ಲ ಎದುರಿನ ಹೊಂಗೆಮರದ ಕೆಳಗೆ. ಹೇಳುವವರ ಗಂಟಲು ದೊಡ್ಡದಾದರೆ ಮಾವ ಎದ್ದು ಹೋಗಿ ಜೆರಾಕ್ಸ್ ಮಿಷನ್ನಿಗೆ ಬಿಳಿ ಹಾಳೆ ಹಾಕಿ ಓಡಿಸುತ್ತಾನೆ, ಆ ಸದ್ದಿನಲ್ಲಿ ಮಾತು ಮುಳುಗಲಿ ಎಂದು. ಬಿಳಿ ಹಾಳೆಯನ್ನು ಬಿಳಿ ಹಾಳೆಗೆ ಜೆರಾಕ್ಸ್ ತೆಗೆಯುವ ಅಂಗಡಿ ಈ ಸೀಮೆಯಲ್ಲಿ ಮತ್ತೊಂದಿದ್ದರೆ ತೋರಿಸಿ!

ಕಂಪ್ಯೂಟರ್ ಬರುವ ಮುಂಚೆ ಮಾವನ ಹತ್ತಿರ ಟೈಪ್‌ರೈಟರ್ ಇತ್ತು. ಟೈಪ್‌ರೈಟರ್ ಎಂದ ಮೇಲೆ ಕಾರ್ಬನ್ ಪೇಪರು. ಬಳಸಿದ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಟೈಪಾದದ್ದನ್ನೆಲ್ಲ ಓದಬಹುದು ಎಂಬುದು ಬೇರೆ ಯಾರಿಗೂ ಹೊಳೆಯುವ ಮೊದಲೇ ಮಾವನಿಗೆ ಹೊಳೆದಿತ್ತು. ಹಾಗಾಗಿ ಒಂದು ಕಾರ್ಬನ್ನೂ ಅಂಗಡಿಯ ಕಸದ ಬುಟ್ಟಿ ಸೇರುವಂತಿರಲಿಲ್ಲ. ಎಲ್ಲವನ್ನೂ ಚೀಲದಲ್ಲಿ ಕಟ್ಟಿ ತಂದು ಭಾನುವಾರ ಬೆಳಗ್ಗೆ ಬಚ್ಚಲ ಒಲೆಗೆ ಹಾಕುತ್ತಿದ್ದ. ಒಂದೊಂದೇ ಹಾಳೆ, ಪೂರ್ತಿ ಬೂದಿಯಾಗುವ ತನಕ ಕಡ್ಡಿಯಿಂದ ಕೆದಕುತ್ತಾ. ರಜೆಗೆಂದು ಹೋದ ನಾವು ಮಕ್ಕಳು ಮೈಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ನಿಂತು ಕಾಯುತ್ತಿದ್ದೆವು. ಇಡೀ ತಾಲ್ಲೂಕಿನ ಗುಟ್ಟು ಉರಿದು ಕಾದ ನೀರಿನಲ್ಲಿ ಸ್ನಾನ ಮಾಡಿದ ಭಾಗ್ಯ ನಮ್ಮದು!

ಅತ್ತೆ ಗೊಣಗುತ್ತಿದ್ದಳು, "ಈ ಹೊಗೆಗೆ ಹಂಡೆ ಎಲ್ಲಾ ನೀಲಿ ತಿರುಗ್ತಾ ಐತೆ. ಉಜ್ಜೋಳು ನಾನು."

"ಹಂಡೆ ನೀಲಿ ಆದ್ರೆ ಉಜ್ಜಬೋದು ಕಣೆ. ಒಂದು ಮನೆ ಮಾತು ಬೀದಿಗೆ ಬಂದ್ರೆ ಎಂಗೆ ಉಜ್ತೀಯ?" ಎಂದು ಮಾವ ಇನ್ನೊಂದು ಹಾಳೆ ಒಲೆಗಿಡುತ್ತಿದ್ದ.

ಕಂಪ್ಯೂಟರ್ ಬಂತು, ಕಾರ್ಬನ್ ಹೋಯಿತು, ಪಾಸ್‌ವರ್ಡ್ ಬಂತು. ಇಡೀ ಪಾಸ್‌ವರ್ಡು ಒಬ್ಬನ ತಲೆಯಲ್ಲೇ ಇರುವುದು ಅಪಾಯ ಎಂದು ಮಾವ ತೀರ್ಮಾನಿಸಿದ. ಯಾರಾದರೂ ಪುಸಲಾಯಿಸಿ ಕೇಳಿದರೆ? ಜ್ವರ ಬಂದು ಬಡಬಡಿಸಿದರೆ? ಆದ್ದರಿಂದ ಮೊದಲ ಅರ್ಧ ತನಗೆ, ಉಳಿದ ಅರ್ಧ ಅತ್ತೆಗೆ. ದಿನಾ ಬೆಳಗ್ಗೆ ಅತ್ತೆ ಅಂಗಡಿಗೆ ಬಂದು, ಮಾವ ಗೋಡೆ ಕಡೆ ತಿರುಗಿ ನಿಂತಾಗ ತನ್ನ ಪಾಲಿನ ನಾಲ್ಕು ಅಕ್ಷರ ಒತ್ತಿ ಹೋಗಬೇಕು. ಒಮ್ಮೆ ಅವಳು ತಂಗಿಯ ಬಾಣಂತನಕ್ಕೆಂದು ಮಾಗಡಿಗೆ ಹೋದಳು. ಮಾವ ಫೋನ್ ಮಾಡಿದ. ಅತ್ತೆ ಹೇಳಲು ಬಾಯಿ ತೆರೆದಳು. "ಫೋನಲ್ಲಿ ಹೇಳ್ಬೇಡ, ಯಾರಾರ ಕೇಳುಸ್ಕತ್ತರೆ" ಎಂದು ಇವನೇ ತಡೆದ. ಮತ್ತೆ ಫೋನ್ ಮಾಡಿದ್ದು ಯಾಕೆ ಎಂದರೆ, "ಉಸಾರಾಗಿದ್ದೀಯಾ ಅಂತ ಕೇಳಕ್ಕೆ" ಎಂದನಂತೆ. ಕೊನೆಗೆ ಬಸ್ಸು ಹತ್ತಿ ಮಾಗಡಿಗೆ ಹೋಗಿ ಅವಳನ್ನು ಕರೆತಂದು, ನಾಲ್ಕು ಅಕ್ಷರ ಒತ್ತಿಸಿ, ಮತ್ತೆ ಮಾಗಡಿಗೆ ಬಿಟ್ಟುಬಂದ. ಬಾಣಂತನ ಮುಗಿಯುವ ತನಕ ಕಂಪ್ಯೂಟರ್ ಆರಿಸಲೇ ಇಲ್ಲ. ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಮುಂದೆ ಕೈಮುಗಿದು ಕೂರುತ್ತಿದ್ದನೆಂದು ಪಕ್ಕದ ಅಂಗಡಿಯವರು ಇವತ್ತಿಗೂ ಹೇಳುತ್ತಾರೆ.

ಅವನ ಬಾಯಿಗೆ ಹಾಕಿದ ಬೀಗ ಮನೆಯವರಿಗೆಂದೂ ತೆರೆಯಲಿಲ್ಲ. ನನಗೆ ಹೆಣ್ಣು ನೋಡಿದ್ದು ಕನಕಪುರದಲ್ಲೇ. ನೋಡಿ ಬಂದು ತಿಂಗಳಾದರೂ ಅವರ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ನಮ್ಮ ಅವ್ವ ಸೋಮವಾರದ ಒಪ್ಪತ್ತು ಹಿಡಿದಳು. ಅದೇ ಹೊತ್ತಿಗೆ ಹುಡುಗಿಯ ಅಪ್ಪ ಮಾವನ ಅಂಗಡಿಗೆ ಬಂದು, ಮಗಳ ಮದುವೆ ಇಂಥವನೊಂದಿಗೆ ನಿಶ್ಚಯವಾಗಿರುವುದರಿಂದ ಸಾಲ ಮಂಜೂರು ಮಾಡಬೇಕು ಎಂದು ಅರ್ಜಿ ಟೈಪ್ ಮಾಡಿಸಿಕೊಂಡು ಹೋಗಿದ್ದರು. ಆ ಇಂಥವನು ನಾನು! ಸ್ವಂತ ಅಕ್ಕನ ಮಗನ ಹೆಸರನ್ನು ತನ್ನ ಕೈಯಾರೆ ಟೈಪ್ ಮಾಡಿ, ನಮ್ಮ ಮನೆಗೆ ಬಂದು, ಅಕ್ಕ ಉಪವಾಸದಲ್ಲಿ ಬಳಲುವುದನ್ನು ನೋಡುತ್ತಾ ಮಾವ ಮುದ್ದೆ ಉಂಡ.

ವಿಷಯ ತಿಳಿದ ಮೇಲೆ ಅವ್ವ ಕೇಳಿದಳು, "ಒಡಹುಟ್ಟಿದೋಳು ಕಣಪ್ಪ ನಾನು. ಒಂದು ಮಾತು ಹೇಳಕ್ಕೆ ನಿಂಗೇನಾಗಿತ್ತು?"

"ಅಂಗಡಿ ಒಳಗೆ ನಂಗೆ ಒಡಹುಟ್ಟಿದೋರು ಯಾರೂ ಇಲ್ಲ ಕಣಕ್ಕ."

ಅವ್ವ ಧಾರೆಯ ದಿನದ ತನಕ ಅವನ ಜೊತೆ ಮಾತು ಬಿಟ್ಟಿದ್ದಳು. ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ನೆನಪಿಲ್ಲ. ಆದರೆ ಅವತ್ತು ಹುಡುಗಿಯ ಅಪ್ಪ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ತಮ್ಮ ಬಡತನವನ್ನು ಮಾವನ ಮುಂದೆ ಬಿಚ್ಚಿ ಹೋಗಿದ್ದರು ಎಂಬುದು ನಗುವಾಗ ನನಗೆ ಹೊಳೆಯುತ್ತಿರಲಿಲ್ಲ.

ಕಳೆದ ಸಂಕ್ರಾಂತಿ ಆದ ಮೇಲೆ ಮಾವ ಹೊಸ ಕಂಪ್ಯೂಟರ್ ಕೊಂಡ. ಹಳೆಯದನ್ನು ಸಾತನೂರಿನ ಹಿಪ್ಪುನೇರಳೆ ಬೆಳೆಗಾರರೊಬ್ಬರು ಡಿಗ್ರಿ ಓದುವ ಮಗನಿಗೆಂದು ಕೇಳಿದರು. ಕೊಡುವ ಮುಂಚೆ ಅದರಲ್ಲಿ ಇದ್ದದ್ದನ್ನೆಲ್ಲ ಅಳಿಸಬೇಕಲ್ಲ? ಮಾವ ನನ್ನನ್ನು ಕರೆಸಿದ. ನಾನು ರಾಮನಗರದ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಇದಕ್ಕೆ ನನಗಿಂತ ತಕ್ಕವನು ನಮ್ಮ ಬಳಗದಲ್ಲಿ ಯಾರಿದ್ದಾರೆ?

ಹೋಗಿ ಕುಳಿತು, ಎಲ್ಲ ಕಡತಗಳನ್ನು ಒಟ್ಟಿಗೆ ಹಿಡಿದು ಡಿಲೀಟ್ ಒತ್ತಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, "ಆಯ್ತು ಮಾವ, ಎಲ್ಲ ಅಳಿಸಿದೆ" ಎಂದೆ.

"ಅಳ್ಸಿದ್ದು ಎಲ್ಲಿಗೆ ಹೋಯ್ತದೆ?"

"ಎಲ್ಲಿಗೂ ಹೋಗಲ್ಲ. ಇಲ್ಲವಾಗುತ್ತೆ."

"ಕಾರ್ಬನ್ ಸುಟ್ರೆ ಬೂದಿ ಕಾಣ್ತಿತ್ತು. ಇದರ ಬೂದಿ ಎಲ್ಲೈತೆ ತೋರ್ಸು."

ನಾನು ನಕ್ಕೆ. ಮಾವ ನಗಲಿಲ್ಲ. "ಸ್ಲೇಟಲ್ಲಿ ಬರೆದದ್ದ ಬಟ್ಟೇಲಿ ಒರುಸ್ಬುಟ್ಟು, ಒಸಿ ಓರೆ ಮಾಡಿ ನೋಡು, ಹಳೇದೆಲ್ಲ ಕಾಣ್ತದೆ. ಅದರ ಮೇಲೆ ಬೇರೆ ಏನಾರ ಬರೀಬೇಕು ಕಣ್ಲಾ. ಆಗ್ಲೇ ಹಳೇದು ಹೋಗದು" ಎಂದ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುವ ಪಾಠವೇ ಇದು. ಡಿಲೀಟ್ ಎಂದರೆ ಕಂಪ್ಯೂಟರ್ ಏನನ್ನೂ ಅಳಿಸುವುದಿಲ್ಲ, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಹರಿದುಹಾಕುತ್ತದೆ. ಆ ಜಾಗದ ಮೇಲೆ ಮತ್ತೇನಾದರೂ ಬರೆಯುವ ತನಕ ಹಳೆಯದು ಹಾಗೇ ಇರುತ್ತದೆ. ಇದನ್ನು ನಾನು ಪುಸ್ತಕ ನೋಡಿ ಕಲಿತೆ, ಮಾವ ಸ್ಲೇಟು ನೋಡಿ ಕಲಿತಿದ್ದ.

ನಾನು ಉತ್ತರ ಕೊಡುವಷ್ಟರಲ್ಲಿ ಮಾವ ಕೀಲಿಮಣೆ ಎಳೆದುಕೊಂಡು ಹೊಸ ಕಡತ ತೆರೆದು "ಓಂ ನಮಃ ಶಿವಾಯ" ಎಂದು ಹೊಡೆಯಲು ಶುರುಮಾಡಿದ್ದ. ಕಂಪ್ಯೂಟರ್ ತುಂಬುವ ತನಕ ಹೊಡೆಯುತ್ತಾನಂತೆ! ಇದೇ ವೇಗದಲ್ಲಿ ಹೊಡೆದರೆ ತುಂಬಲು ಏಳು ಜನ್ಮ ಬೇಕಾಗುತ್ತದೆ ಎಂದೆ. "ಪುಣ್ಯನಾರ ಬತ್ತದಲ್ಲ" ಎಂದು ಅವನು ಹೊಡೆಯುತ್ತಲೇ ಇದ್ದ. ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಸಾಲುಗಳ ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ.

ಏಳು ಜನ್ಮ ಬೇಕಿರಲಿಲ್ಲ. ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆದು ತುಂಬಿಸುವ ತಂತ್ರಾಂಶ ನನ್ನ ಜೇಬಿನ ಪೆನ್‌ಡ್ರೈವಿನಲ್ಲೇ ಇತ್ತು. ಆ ಹಳೆಯ ಯಂತ್ರಕ್ಕೆ ಆರು ಗಂಟೆ ಹಿಡಿಯುತ್ತಿತ್ತು, ಅಷ್ಟೆ. ಆದರೆ ಅವತ್ತು ಸಂಜೆ ಟೀವಿಯಲ್ಲಿ ಕ್ರಿಕೆಟ್ ಇತ್ತು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿರಬಹುದೇ ಎಂದು ಎಷ್ಟೋ ಸಲ ಹುಡುಕಿಕೊಂಡಿದ್ದೇನೆ. ಇರಲಿಲ್ಲ. ಪಟ್ಟಿಯನ್ನಷ್ಟೇ ಮತ್ತೊಮ್ಮೆ ಹರಿದುಹಾಕುವ ಎರಡು ನಿಮಿಷದ ಫಾರ್ಮ್ಯಾಟ್ ಮಾಡಿ ಖಾಲಿ ಪರದೆ ತೋರಿಸಿದೆ.

ಮಾವ ಬಗ್ಗಿ ನೋಡಿದ. "ಇದು ಬಟ್ಟೇಲಿ ಒರಸ್ದಂಗಾ, ಮೇಲೆ ಬರೆದಂಗಾ?"

"ಮೇಲೆ ಬರೆದಂಗೆ ಮಾವ. ಮೂರು ಸಲ ಬರೆದಿದ್ದೀನಿ."

ಯಾರನ್ನೂ ನಂಬದ ಮನುಷ್ಯ ನನ್ನನ್ನು ನಂಬಿದ. "ನೀನು ಮೇಷ್ಟ್ರು. ನೀನು ಆಯ್ತು ಅಂದ್ರೆ ಆಯ್ತು" ಎಂದು ಹೇಳಿ, ಕಂಪ್ಯೂಟರಿಗೆ ಒಂದು ಚಿಟಿಕೆ ವಿಭೂತಿ ಇಟ್ಟು, ನನ್ನ ಕೈಗೆ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಬಸ್ಸು ಹತ್ತಿಸಿದ. ಮ್ಯಾಚು ನಾವೇ ಗೆದ್ದೆವು.

ಆಷಾಢದ ಹೊತ್ತಿಗೆ ಸಾತನೂರಿನ ಹುಡುಗ ತನ್ನ ಕಾಲೇಜಿನ ಯಾವುದೋ ಕೆಲಸವನ್ನು ಕೈತಪ್ಪಿ ಅಳಿಸಿಕೊಂಡ. ಅಳಿಸಿಹೋದದ್ದನ್ನು ಹುಡುಕಿ ತರುವ ತಂತ್ರಾಂಶ ಹಾಕಿದ. ಅದು ಅವನದನ್ನೂ ತಂದುಕೊಟ್ಟಿತು, ಮಾವನ ಹತ್ತು ಹನ್ನೆರಡು ವರ್ಷದ ಕಾಗದಗಳನ್ನೂ ಮೇಲೆತ್ತಿ ಸುರಿಯಿತು. ಅದರಲ್ಲಿ ಪಕ್ಕದ ಊರಿನವರ ಹೆಸರಿದ್ದ ಒಂದು ಅರ್ಜಿ ಅವನ ಕಣ್ಣಿಗೆ ಬಿತ್ತು. ತಮಾಷೆಗೆಂದು ಗೆಳೆಯರ ಗುಂಪಿಗೆ ಕಳಿಸಿದ. ಸಂಜೆಯಷ್ಟರಲ್ಲಿ ಅದು ಆ ಊರಿನ ಎಲ್ಲರ ಮೊಬೈಲಿನಲ್ಲಿತ್ತು.

ಅರ್ಜಿ ಬರೆಸಿದ ಹೆಂಗಸಿನ ಹೆಸರು ಹೇಳುವುದಿಲ್ಲ. ಅಷ್ಟನ್ನಾದರೂ ಕಲಿತಿದ್ದೇನೆ. ಉಯ್ಯಂಬಳ್ಳಿ ಕಡೆಗೆ ಮದುವೆಯಾಗಿ ಹೋದವಳು, ಸಾತನೂರಿನ ಹತ್ತಿರದ ಊರು ತವರು ಎಂದರೆ ಸಾಕು. ಅಪ್ಪನ ಜಮೀನಿನಲ್ಲಿ ತನಗೂ ಪಾಲು ಬರಬೇಕು, ಅಣ್ಣಂದಿರಿಬ್ಬರೂ ಸೇರಿ ತನ್ನನ್ನು ಬಿಟ್ಟು ಖಾತೆ ಮಾಡಿಸಿಕೊಂಡಿದ್ದಾರೆ ಎಂದು ಅರ್ಜಿ. ನಾಲ್ಕೈದು ವರ್ಷದಿಂದ ಆಕೆ ವರ್ಷಕ್ಕೊಮ್ಮೆ ಬಂದು, ತಾರೀಖು ಬದಲಾಯಿಸಿ ಅದನ್ನೇ ಟೈಪ್ ಮಾಡಿಸಿಕೊಂಡು ಹೋಗುತ್ತಿದ್ದಳು. ಯಾವ ಕಚೇರಿಗೂ ಕೊಟ್ಟವಳಲ್ಲ. ಮನೆಯಲ್ಲಿ ಪೆಟ್ಟಿಗೆಯ ತಳಕ್ಕಿಟ್ಟು, ಸಿಟ್ಟು ಬಂದಾಗ ಮಗಳ ಕೈಲಿ ಓದಿಸಿ ಕೇಳುವಳು. ಗೌರಿ ಹಬ್ಬಕ್ಕೆ ಅಣ್ಣಂದಿರು ತವರಿನ ಬಾಗಿನ ಹಿಡಿದು ಬಾಗಿಲಿಗೆ ಬಂದ ದಿನ ಆ ಕಾಗದ ಒಲೆ ಸೇರುತ್ತಿತ್ತು. ಜಮೀನು ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ತವರು ಬೇಕಿತ್ತು. ಎರಡರಲ್ಲಿ ಒಂದನ್ನು ಬಿಡುವ ಧೈರ್ಯ ಬರುವ ತನಕ ಟೈಪ್ ಮಾಡಿಸುತ್ತಾ ಕಾಲ ತಳ್ಳುತ್ತಿದ್ದಳು. ನಾನು ಅವಳ ಪರವಾಗಿ ಎರಡು ನಿಮಿಷದಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ.

ಆಕೆಯ ದೊಡ್ಡಣ್ಣ ಮೊಬೈಲು ಹಿಡಿದು ಮಾವನ ಅಂಗಡಿಗೆ ಬಂದು ಕೂಗಾಡಿದನಂತೆ. ತಂಗಿಗೆ ಫೋನ್ ಮಾಡಿ, ಇನ್ನು ಮೇಲೆ ನಿನಗೆ ತವರು ಇಲ್ಲ ಎಂದನಂತೆ. ಆ ಮಧ್ಯಾಹ್ನ ಮಾವ ನನಗೆ ಫೋನ್ ಮಾಡಿದ. ನಡೆದದ್ದನ್ನೆಲ್ಲ ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದ.

"ಮೂರು ಸಲ ಬರೆದೆ ಅಂದಿದ್ದೆ ಅಲ್ವಾ?"

ಆ ಕಡೆ ಜೆರಾಕ್ಸ್ ಮಿಷನ್ನಿನ ಸದ್ದೂ ಇರಲಿಲ್ಲ.

"ಸರಿ ಬುಡು" ಎಂದು ಫೋನ್ ಇಟ್ಟ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೆಯ ದಿನವೇ ಸಾತನೂರಿಗೆ ಹೋಗಿ, ಹುಡುಗನ ಅಪ್ಪನ ಕೈಕಾಲು ಹಿಡಿದು, ಆ ಕಂಪ್ಯೂಟರಿನ ಮುಂದೆ ಕುಳಿತು ಸೊನ್ನೆ ಬರೆಸಿದೆ. ಸರಿಯಾಗಿ ಆರು ಗಂಟೆ ಹಿಡಿಯಿತು. ಮೊಬೈಲಿನಿಂದ ಮೊಬೈಲಿಗೆ ಹೋದ ಆ ಒಂದು ಕಾಗದದ ಮೇಲೆ ಯಾವ ಸೊನ್ನೆ ಬರೆಯಲಿ?

ಹೊಂಗೆಮರದ ಕೆಳಗೆ ಜನ ಕಡಿಮೆಯಾದರು. ಜೆರಾಕ್ಸಿಗೆ ಬರುತ್ತಿದ್ದರು, ಮಾತು ಹೇಳಿ ಬರೆಸಲು ಬೇರೆ ಅಂಗಡಿಗೆ ಹೋಗುತ್ತಿದ್ದರು. ಮಾವ ಹೊಸ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂರುತ್ತಿದ್ದ. ನಾನು ಮುಖ ತೋರಿಸಲಾರದೆ ಎರಡು ತಿಂಗಳು ಆ ಕಡೆ ಹೋಗಲೇ ಇಲ್ಲ. ಎಲ್ಲರೂ ನನ್ನನ್ನು ಉಗಿಯುತ್ತಿರುತ್ತಾರೆ ಎಂದುಕೊಂಡಿದ್ದೆ. ಕೊನೆಗೆ ಒಂದು ದಿನ ಅತ್ತೆಯೇ ಫೋನ್ ಮಾಡಿ, "ನಿಮ್ ಮಾವಂಗೆ ಈ ವಯಸ್ನಲ್ಲಿ ಯಾಕೆ ಬೇಕಿತ್ತಪ್ಪ? ನಿನ್ನ ಕರೆಸಿದ್ರೆ ನೀಟಾಗಿ ಅಳುಸ್ಕೊಡ್ತಿದ್ದೆ. ತಾನೇ ಅಳುಸ್ತೀನಿ ಅಂತ ಹೋಗಿ ಹಿಂಗ್ ಮಾಡ್ಕಂಡು ಕುಂತವ್ರೆ" ಎಂದಳು. ಅಳಿಸಿದ ದಿನ ಮನೆಗೆ ಹೋಗದೆ ನೇರವಾಗಿ ಅಂಗಡಿಗೆ ಹೋಗಿ ಹಾಗೇ ಬಸ್ಸು ಹತ್ತಿದ್ದ ನಾನು ಅತ್ತೆಯ ಕಣ್ಣಿಗೆ ಬಿದ್ದಿರಲಿಲ್ಲ. ಮಾವ ತನ್ನ ಹೆಂಡತಿಗೂ ನನ್ನ ಹೆಸರು ಹೇಳಿರಲಿಲ್ಲ. ಫೋನ್ ಹಿಡಿದುಕೊಂಡು ನಾನು ಏನು ಹೇಳಿದೆನೋ ನೆನಪಿಲ್ಲ. ನಿಜವನ್ನಂತೂ ಹೇಳಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಮಾವನೇ ಕರೆದ. "ನಾಳೆ ಉಯ್ಯಂಬಳ್ಳಿ ಕಡೆ ಹೋಗ್ಬೇಕು. ಒಬ್ನೇ ಹೋಗಕ್ಕೆ ಕಾಲು ಬರಾಕಿಲ್ಲ. ಬಾ."

ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಅವನ ಕೈಯಲ್ಲಿ ಬಟ್ಟೆ ಸುತ್ತಿದ ಜೋಡಿ ಮೊರ. ಒಳಗೆ ಸೀರೆ, ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ. ಹುಟ್ಟಿದಾರಭ್ಯ ಹೆಂಗಸರ ಸಾಮಾನು ಹಿಡಿದು ಬಸ್ಸು ಹತ್ತದ ಮನುಷ್ಯ ಅದನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಎರಡು ಕೈಯಲ್ಲೂ ಹಿಡಿದೇ ಇದ್ದ.

ಆಕೆಯ ಮನೆ ಬಸ್ಸು ನಿಲ್ಲುವ ಜಾಗಕ್ಕೆ ಎದುರಿಗೇ ಇತ್ತು. ಮಧ್ಯಾಹ್ನ ಎರಡಾಗಿತ್ತು. ಒಳಗೆ ಎರಡು ಎಲೆ ಹಾಸಿ, ನೀರಿನ ಲೋಟ ಇಟ್ಟು, ಬಡಿಸದೆ ಬಿಟ್ಟಿದ್ದಳು. ಅವು ಯಾರಿಗೆ ಎಂದು ನಾವು ಕೇಳಹೋಗಲಿಲ್ಲ. ಆಕೆ ಬಾಗಿನ ನೋಡಿದಳು, ಮಾವನನ್ನು ನೋಡಿದಳು. ಬೈಯಲಿಲ್ಲ. "ಕುಂತ್ಕಳಿ" ಎಂದು ಆ ಎಲೆಗಳನ್ನೇ ತೋರಿಸಿದಳು.

ಒಬ್ಬಟ್ಟು ಬಡಿಸುತ್ತಾ ತಲೆ ಎತ್ತದೆ ಕೇಳಿದಳು. "ನಿಮ್ಮನ್ನ ದೇವ್ರು ಅನ್ಕಂಡಿದ್ದೆ ಕಣಣ್ಣ. ಯಾಕಣ್ಣ ಅಳಿಸ್ನಿಲ್ಲ?"

"ನಂಗೆ ಅಳ್ಸಕ್ಕೆ ಬರ್ನಿಲ್ಲ ಕಣವ್ವ" ಎಂದ ಮಾವ.

ನಾನು ಬಾಯಿ ತೆರೆದೆ. ಮಾವ ಪಕ್ಕದಿಂದಲೇ ನನ್ನ ಮೊಣಕಾಲು ಒತ್ತಿ ಹಿಡಿದ, ಸುಮ್ಮನಿರು ಎಂಬಂತೆ. ನಾನು ಸುಮ್ಮನಿರಲಿಲ್ಲ. "ಅಕ್ಕ, ಅಳಿಸಬೇಕಾಗಿದ್ದವನು ನಾನು. ಮಾವನಿಗೆ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಮನೆಗೆ ಹೋಗಿ ಮ್ಯಾಚ್ ನೋಡುವ ಆತುರಕ್ಕೆ ಅಳಿಸದೇ ಅಳಿಸಿದೆ ಅಂತ ಸುಳ್ಳು ಹೇಳಿದೆ."

ಆಕೆಯ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಹಾಗೇ ನಿಂತಿತು. ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡೆ. ಎನ್ನಲಿ ಎಂದೂ ಅಂದುಕೊಂಡೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮಣ್ಣ ಒಂದೇ ಒಂದು ಸಲಿ ಹಿಂಗೆ ಬಾಯ್ಬುಟ್ಟು ಒಪ್ಕಂಡಿದ್ರೆ, ನಾನು ಆ ಅರ್ಜಿನೇ ಬರುಸ್ತಿರ್ನಿಲ್ಲ" ಎಂದು, ನನ್ನ ಎಲೆಗೆ ತುಪ್ಪ ಹಾಕಿದಳು. ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಇದನ್ನು ಬರೆಯಲೇ ಎಂದು ಆಮೇಲೆ ಕೇಳಿದಾಗ, ಹೆಸರು ಒಂದು ಬಿಟ್ಟು ಬರ್ಕೊ ಎಂದಳು.

ಹೊರಡುವಾಗ ಆಕೆ ಬಾಗಿನ ತೆಗೆದುಕೊಂಡು ಮಾವನ ಕಾಲಿಗೆ ನಮಸ್ಕಾರ ಮಾಡಿದಳು. ನಾವು ಬಸ್ಸು ಹತ್ತಿ ಕೂತ ಮೇಲೂ ಬಾಗಿಲಲ್ಲೇ ನಿಂತಿದ್ದಳು. ನಮ್ಮನ್ನು ಕಳಿಸಿಕೊಡಲು ನಿಂತಿದ್ದಳೋ, ಸಾತನೂರಿನ ಕಡೆಯಿಂದ ಬರಬೇಕಾದ ಮುಂದಿನ ಬಸ್ಸಿಗೆ ಕಾಯುತ್ತಿದ್ದಳೋ ತಿಳಿಯಲಿಲ್ಲ. ಮಾವ ಕಿಟಕಿಯಿಂದ ಹಿಂತಿರುಗಿ ನೋಡುತ್ತಲೇ ಇದ್ದ. ತಿರುವಿನಲ್ಲಿ ಮನೆ ಮರೆಯಾದ ಮೇಲೆ ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿಕೊಂಡ.

"ಬರೋ ಗೌರಿ ಹಬ್ಬಕ್ಕೂ ಬಾಗಿನ ತಕ್ಕಂಡು ಬರವ ಕಣ್ಲಾ" ಎಂದ. ಕನ್ನಡಕ ಹಾಕಿಕೊಂಡು ಮತ್ತೆ ಹೇಳಿದ. "ಅವರಣ್ಣದೀರು ಬಂದಿದ್ರೆ ಮಾತ್ರ ಬಸ್ಸಿಂದ ಇಳಿಯಾದು ಬ್ಯಾಡ. ಹಂಗೇ ವಾಪಸ್ ಹೋಗ್ಬುಡವ."